ಬಸಲಿಂಗವ್ವನ ಸೂಜಿಸಂಚಿ ವಿಜಯ

ಮೊದಲ ನಮಸ್ಕಾರ ಸೂಜಿಯ ಕಣ್ಣಿಗೆ. ಎಳ್ಳುಕಾಳು ಕೂಡ ನುಸುಳಲಾರದ ಆ ಕಿರುದ್ವಾರದಲ್ಲಿ ಹಾದುಬಂದ ದಾರವೇ ಮೂರು ಲೋಕಗಳ ಮಾನ ಕಾಯುತ್ತಿರುವುದರಿಂದಲೂ, ದೇವತೆಗಳ ಪೀತಾಂಬರ, ಅರಸರ ಜರತಾರಿ ಅಂಗಿ, ನಮ್ಮ ನಿಮ್ಮ ಪಾಯಜಾಮ ಇವೆಲ್ಲವೂ ಅದರ ಕೃಪೆಯಿಂದಲೇ ಸೊಂಟದ ಮೇಲೆ ನಿಂತಿರುವುದರಿಂದಲೂ, ಉಳಿದ ದೇವರುಗಳು ಈ ಕಥೆ ಮುಗಿಯುವವರೆಗೆ ಸ್ವಲ್ಪ ಹಿಂದೆ ಸರಿದು ಕೂತುಕೊಳ್ಳಬೇಕೆಂದು ಪ್ರಾರ್ಥನೆ. ಎರಡನೆಯ ನಮಸ್ಕಾರ ಕೇಳುವವರಿಗೆ. ನಡುವೆ ಎದ್ದುಹೋಗಬೇಡಿ.

ಯಾವ ಯುಗದಲ್ಲಿ ರವಿಕೆಗಳು ಹೊಲಿದುಕೊಂಡೇ ಹುಟ್ಟಿ ಅಂಗಡಿಯ ಕೊಕ್ಕೆಗಳಲ್ಲಿ ತೂಗಾಡತೊಡಗಿದವೋ, ಯಾವ ಯುಗದಲ್ಲಿ ಹರಿದದ್ದನ್ನು ಹೊಲಿಯುವವರು ಜಿಪುಣರೆಂದೂ ಎಸೆಯುವವರು ಜಾಣರೆಂದೂ ಹೆಸರಾದರೋ, ಆ ಘೋರ ತೇಪೆದ್ವೇಷಿ ಯುಗದಲ್ಲಿ, ರವಿಕೆಯ ಖಣ ನೇಯುವುದರಲ್ಲಿ ದಿಗಂತವಿಶ್ರಾಂತಕೀರ್ತಿಯನ್ನು ಪಡೆದ ಗುಳೇದಗುಡ್ಡವೆಂಬ ನಗರಿಯಲ್ಲಿ, ಜೀರ್ಣಶಾಟೀಖಂಡಸಂಯೋಜನಧುರಂಧರೆಯೂ, ಷಟ್ಪಂಚಾಶತ್ಕೌದಿನಿರ್ಮಾಣವಿಖ್ಯಾತೆಯೂ, ಹಿತ್ತಾಳೆಟೊಪ್ಪಿಗೆಭೂಷಿತಮಧ್ಯಮಾಂಗುಲಿಯೂ ಆದ ಬಸಲಿಂಗವ್ವನೆಂಬ ವೀರಾಗ್ರಣಿ ವಾಸಿಸುತ್ತಿದ್ದಳು. ಬಿಡಿಸಿ ಹೇಳುವುದಾದರೆ, ಹಳೆಯ ಸೀರೆಗಳ ತುಂಡು ಜೋಡಿಸಿ ಐವತ್ತಾರು ಕೌದಿ ಹೊಲಿದಿದ್ದ, ಸೂಜಿ ಚುಚ್ಚದಂತೆ ನಡುಬೆರಳಿಗೆ ಹಿತ್ತಾಳೆ ಟೊಪ್ಪಿಗೆ ತೊಡುತ್ತಿದ್ದ ಅರವತ್ತೆರಡರ ಹೆಂಗಸು. ಸಮಾಸದಲ್ಲಿ ಸಂಸ್ಕೃತಕ್ಕೆ ಹಿತ್ತಾಳೆ ಟೊಪ್ಪಿಗೆ ಹಾಕಿದ್ದಕ್ಕೆ ಪಂಡಿತರು ಸಿಟ್ಟಾಗಬಾರದು. ಕೌದಿಯ ಕಥೆಯಲ್ಲಿ ಮಾತಿಗೂ ತೇಪೆ ಬೀಳುತ್ತದೆ.

ಈ ವೀರಾಗ್ರಣಿಯ ಮನೆ ಐದು ವರ್ಷದ ಹಿಂದೆ ಪಾಲಾಗಿ ನಡುಗೋಡೆ ಎದ್ದಿತ್ತು. ಗೋಡೆಯ ಈಚೆ ಬಸಲಿಂಗವ್ವ ಮತ್ತು ಅವಳ ಗಂಡ, ನಿವೃತ್ತ ಡ್ರಾಯಿಂಗ್ ಮಾಸ್ತರ ಗುರುಪಾದಪ್ಪ. ಆಚೆ ಅವಳ ಮೈದುನ ಮತ್ತು ನೆಗೆಣ್ಣಿ ಕಾಶವ್ವ. ಬೀಸುಕಲ್ಲು ಈಚೆಗೆ ಬಂತು, ಒಳಕಲ್ಲು ಆಚೆಗೆ ಹೋಯಿತು. ಕೊಡಗಳು ಎಣಿಸಿ ಹಂಚಿಹೋದವು. ಅತ್ತೆ ಸಾತವ್ವನ ಹಿತ್ತಾಳೆ ಹಿಡಿಯ ಉದ್ದ ಕತ್ತರಿಯೊಂದನ್ನು ಮಾತ್ರ ಹಂಚಲಾಗಲಿಲ್ಲ. ಕತ್ತರಿಯನ್ನು ಎರಡು ಭಾಗ ಮಾಡಿದರೆ ಎರಡು ಚಾಕು ಆಗಬಹುದೇ ಹೊರತು ಎರಡು ಕತ್ತರಿ ಆಗುವುದಿಲ್ಲವಷ್ಟೆ. ಅತ್ತೆ ತೀರಿಕೊಂಡ ಮೇಲೆ ಅದು ಸೂಜಿ, ದಾರ, ಗುಂಡಿಗಳ ಪರಿವಾರದೊಂದಿಗೆ ಬಸಲಿಂಗವ್ವನ ತುಕ್ಕುಹಿಡಿದ ಬಿಸ್ಕೀಟು ಡಬ್ಬಿಯಲ್ಲಿ ನೆಲೆಸಿತ್ತು. ಕಾಶವ್ವ ಬೇಕಾದಾಗ ಕೇಳಿ ಒಯ್ಯುತ್ತಿದ್ದಳು, ಬಸಲಿಂಗವ್ವ ಬೇಕಾಗುವ ಮೊದಲೇ ಹೋಗಿ ವಾಪಸು ತರುತ್ತಿದ್ದಳು.

ಹೀಗಿರಲು ಒಂದು ಗುರುವಾರ, ಸೂರ್ಯನು ನೆತ್ತಿಯ ಮೇಲೆ ಬಂದು ಜನರೆಲ್ಲ ಊಟ ಮಾಡಿ ಆಕಳಿಸುವ ಶುಭಮುಹೂರ್ತದಲ್ಲಿ, ಡಬ್ಬಿಯ ತಳವು ಕಳಚಿಬಿತ್ತು. ಗುಂಡಿಗಳು ಉರುಳಿದವು, ರೀಲುಗಳು ಓಡಿದವು, ಸೂಜಿಗಳು ದಿಕ್ಕುಪಾಲಾದವು. ಅವುಗಳಲ್ಲಿ ಒಂದು, ಎಲ್ಲರಿಗಿಂತ ಧೀರವಾದದ್ದು, ಗುರುಪಾದಪ್ಪನ ಆರಾಮ ಕುರ್ಚಿಯ ಬಟ್ಟೆಯಲ್ಲಿ ತಲೆಯೆತ್ತಿ ನಿಂತು ಕಾದಿತು. ಗುರುಪಾದಪ್ಪ ದಿನಪತ್ರಿಕೆಯೊಂದಿಗೆ ಬಂದು ಕೂತನು. ಕೂತಷ್ಟೇ ಬೇಗ ಎದ್ದನು. ಅವನ ಕೂಗಿಗೆ ನಡುಗೋಡೆಯ ಸುಣ್ಣ ಉದುರಿತು, ಕಾಶವ್ವ ಓಡಿಬಂದಳು.

"ಏನಾತ್ರಿ ಭಾವಾರ?"

"ಸೂಜಿ ಹೊಕ್ತವಾ!"

"ಅಯ್ಯ ಶಿವನ, ಎಲ್ಲೆ?"

"ಎಲ್ಲೆ ಅಂತ ನಿನಗ ಹೆಂಗ ಹೇಳ್ಲಿ ತಂಗೀ," ಎಂದು ಗುರುಪಾದಪ್ಪ ಗೋಡೆಗೆ ಬೆನ್ನು ಮಾಡಿ ನಿಂತನು.

ಕಾಶವ್ವ ನೆಲದ ಮೇಲಿನ ಅನರ್ಥವನ್ನು ನೋಡಿದಳು. ಅವಳ ಕಣ್ಣು ಹೊಳೆಯಿತು. ಗೋಡೆಯಾಚೆ ಹೋಗಿ, ಸಂತೆಯಿಂದ ತಂದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಂದಳು. ಪಾರದರ್ಶಕಕಪಾಟವಿಭೂಷಿತವಾದ ಆ ಡಬ್ಬಿಯಲ್ಲಿ ಒಂದಲ್ಲ, ಹದಿನೆಂಟು ಖಾನೆಗಳಿದ್ದವು, ಹದಿನೆಂಟೂ ಖಾಲಿ.

"ನೋಡ ಯಕ್ಕಾ," ಎಂದು ಅವಳು ವೀರವಾಕ್ಯವನ್ನು ನುಡಿದಳು. "ಸೂಜಿಗೆ ಬ್ಯಾರೆ ಖಾನೆ, ಗುಂಡಿಗೆ ಬ್ಯಾರೆ ಖಾನೆ, ಹುಕ್ಕಿಗೆ ಬ್ಯಾರೆ ಖಾನೆ. ಯಾರಿಗೂ ಚುಚ್ಚಂಗಿಲ್ಲ. ಇನ್ ಮ್ಯಾಲೆ ಕತ್ತರಿ ನನ್ನ ಕಡೆ ಇರ್ಲಿ. ಕಡೀ ಆರು ತಿಂಗಳು ಅತ್ತೀಗೆ ಕೈತುತ್ತು ತಿನಿಸಿದಾಕಿ ನಾನು. ನಂದೂ ಹಕ್ಕೈತಿ."

ಬಸಲಿಂಗವ್ವ ನೆಲದಿಂದ ಕತ್ತರಿಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಹಾಗೆ ಸಿಕ್ಕಿಸಿದ ಖಡ್ಗವನ್ನು ಮುಟ್ಟುವ ಧೈರ್ಯ ಯಾರಿಗಿದೆ?

"ಕೇಳ ಕಾಶಿ," ಎಂದಳು. "ಐವತ್ತಾರು ಕೌದಿ ಹೊಲದೀನಿ ಈ ಕೈಲೆ. ಒಂದರ ಟಾಕಾ ಬಿಚ್ಚಿದ್ದು ತೋರಸು, ನಾ ಮೂಗು ಕೊಯ್ಕೋತೀನಿ. ಅತ್ತಿ ಈ ಬೆರಳು ಹಿಡದು ಮೊದಲ್ನೇ ಟಾಕಾ ಹಾಕಿಸಿದಾಗ ನೀ ಇನ್ನಾ ನಿಮ್ಮೂರಾಗ ಕುಂಟಾಬಿಲ್ಲಿ ಆಡಾಕ್ಹತ್ತಿದ್ದಿ. ಆ ಕತ್ತರಿ ಪ್ಲಾಸ್ಟಿಕ್ ಡಬ್ಬ್ಯಾಗ ಮಲಗೂ ಕತ್ತರಿ ಅಲ್ಲ. ಅದಕ್ಕ ನಾ ಬಟ್ಟೀಲೆ ಮನಿ ಕಟ್ತೀನಿ. ಸಂಚಿ ಹೊಲೀತೀನಿ!"

ಇಬ್ಬರೂ ನ್ಯಾಯಕ್ಕಾಗಿ ಗುರುಪಾದಪ್ಪನ ಕಡೆ ತಿರುಗಿದರು. ಅವನು ಇನ್ನೂ ನಿಂತೇ ಇದ್ದನು. "ಸೋಮವಾರ ಊಟಕ್ಕ ಮೊದಲ ನೋಡ್ತೀನಿ," ಎಂದು ತೀರ್ಪಿತ್ತನು. "ಡಬ್ಬಿ ಆಗ್ಲಿ ಸಂಚಿ ಆಗ್ಲಿ, ಯಾರ ಮನಿಯೊಳಗ ಕತ್ತರಿ ಛಲೋ ಹೊಂದತೈತೋ ಕತ್ತರಿ ಅವರದ. ಅಲ್ಲೀಮಟಾ ಇಬ್ರೂ ಸುಮ್ಮನಿರ್ರಿ."

ಕತ್ತರಿ ಹೋದರೆ ಹೋಯಿತು ಎನ್ನಬಹುದು ನೀವು, ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಆದರೆ ಬಸಲಿಂಗವ್ವ ಈ ಮನೆಗೆ ಸೊಸೆಯಾಗಿ ಬಂದಾಗ ಸೂಜಿಗೆ ದಾರ ಪೋಣಿಸಲೂ ಅರಿಯದ ಹುಡುಗಿ. ತವರು ನೆನಪಾಗಿ ಅಳುತ್ತಿದ್ದವಳ ಕೈಗೆ ಅತ್ತೆ ಕತ್ತರಿ ಕೊಟ್ಟು, ತನ್ನ ಹಳೆಯ ಸೀರೆಯನ್ನು ಮುಂದೆ ಹರಡಿ, "ಕತ್ತರಸು, ಅಳೂದು ತಾನ ನಿಲ್ಲತೈತಿ" ಎಂದಿದ್ದಳು. ನಿಂತಿತ್ತು. ಈಗಲೂ ಆ ಹಿತ್ತಾಳೆ ಹಿಡಿಯಲ್ಲಿ ಬೆರಳಿಟ್ಟರೆ ಅವಳಿಗೆ ಅತ್ತೆಯ ಕೈ ಹಿಡಿದಂತೆಯೇ ಆಗುತ್ತದೆ. ಅದು ಗೋಡೆಯಾಚೆ ಹೋದರೆ ಅತ್ತೆ ಎರಡನೆಯ ಸಲ ಸತ್ತಂತೆ ಎಂದು ಅವಳಿಗೆ ಖಂಡಿತವಾಗಿ ಅನ್ನಿಸಿತು.

ಶುಕ್ರವಾರ ಬೆಳಿಗ್ಗೆ ಸೈನ್ಯ ಸಂಗ್ರಹ ಆರಂಭವಾಯಿತು. ಗಂಟುಗಳು ಬಿಚ್ಚಿದವು. ಬಂದಿತು ಕೆಂಪು ಖಣದ ತುಂಡು, ಬಂದಿತು ಇಳಕಲ್ಲ ಸೀರೆಯ ದಡಿ, ಬಂದಿತು ಗುರುಪಾದಪ್ಪನ ಪಟ್ಟಾಪಟ್ಟಿ ಪಾಯಜಾಮದ ಎಡಗಾಲು. ಒಳಮೈಗೆಂದು, ಮಳೆಗಾಳಿಗಳ ಜೊತೆ ಹೋರಾಡಿ ಕಡ್ಡಿ ಮುರಿದುಕೊಂಡ ಹಳೆಯ ಛತ್ರಿಯ ಕರಿಬಟ್ಟೆ ಬಂದಿತು. ಬಸಲಿಂಗವ್ವ ನೆಲದ ಮೇಲೆ ಮೊಣಕಾಲೂರಿ, ತುಂಡುಗಳನ್ನು ಅತ್ತ ಸರಿಸಿ ಇತ್ತ ಸರಿಸಿ, ಕೆಂಪಿನ ಪಕ್ಕ ಹಸಿರನ್ನು ನಿಲ್ಲಿಸಿ, ಹಸಿರಿನ ಪಕ್ಕ ಪಾಯಜಾಮವನ್ನು ನಿಲ್ಲಿಸಿ, ಪಾಯಜಾಮ ಎಲ್ಲರೊಂದಿಗೂ ಜಗಳಾಡುವುದನ್ನು ಕಂಡು ಅದನ್ನು ಮೂಲೆಗೆ ತಳ್ಳಿ, ಮಧ್ಯಾಹ್ನದವರೆಗೆ ವ್ಯೂಹ ರಚಿಸಿದಳು.

ಗುರುಪಾದಪ್ಪನಿಗೆ ನ್ಯಾಯಾಧೀಶನ ನಿಷ್ಪಕ್ಷಪಾತಕ್ಕಿಂತ ಡ್ರಾಯಿಂಗ್ ಮಾಸ್ತರಿಕೆಯ ಹುಮ್ಮಸ್ಸು ದೊಡ್ಡದಾಯಿತು. ದಪ್ಪ ಕಾಗದದ ಮೇಲೆ ಸ್ಕೇಲಿಟ್ಟು, ಅಳತೆ ಬರೆದು, ಮೇಲ್ಬದಿಗೆ ಬಾಣದ ಗುರುತು ಹಾಕಿ "ಬಾಯಿ" ಎಂದು ದುಂಡಗೆ ಬರೆದು ನಕ್ಷೆಯನ್ನು ಮುಂದಿಟ್ಟನು.

"ಕಾಗದ ನೋಡ್ಕೊಂಡ ಕೌದಿ ಹೊಲೀತಾರೇನ್ರೀ ಯಾರರ?" ಎಂದು ಬಸಲಿಂಗವ್ವ ಕಣ್ಣೆತ್ತದೆ ಹೇಳಿದಳು. ಆದರೆ ಕಾಗದ ಒಳ್ಳೆಯ ಗಟ್ಟಿ ಇತ್ತು. ಸಂಚಿ ಬಿರುಸಾಗಿ ನಿಲ್ಲಲೆಂದು ಅದನ್ನು ಮಡಚಿ ಒಳಮೈಯ ಎರಡು ಪದರದ ನಡುವೆ ಸೇರಿಸಿ ಹೊಲಿದುಬಿಟ್ಟಳು.

ವ್ಯೂಹ ಪೂರ್ತಿಯಾಗಿತ್ತು, ನಡುಮಧ್ಯೆ ಒಂದು ಗೇಣಿನಷ್ಟು ಜಾಗ ಬಿಟ್ಟು. ಅಲ್ಲಿಗೆ ಯಾವ ತುಂಡೂ ಒಗ್ಗಲಿಲ್ಲ. ಅಲ್ಲಿ ಅತ್ತೆಯ ಸೀರೆಯೇ ಬೇಕು. ಅತ್ತೆಯ ಸೀರೆಗಳೆಲ್ಲ ಹಿಂದೆಯೇ ಕೌದಿಗಳಾಗಿದ್ದವು. ಉಳಿದದ್ದು ಒಂದೇ, ಕಡೆಯ ಆರು ತಿಂಗಳು ಉಟ್ಟ ಮಾವಿನೆಲೆ ಬಣ್ಣದ್ದು, ಅದು ಕಾಶವ್ವನ ಪೆಟ್ಟಿಗೆಯಲ್ಲಿತ್ತು. ಶತ್ರುವಿನ ಕೋಟೆಗೆ ಭಿಕ್ಷೆಗೆ ಹೋಗುವುದೆಂದರೆ ವೀರರಿಗೆ ಸಾವಿಗಿಂತ ಕಷ್ಟ. ಆದರೂ ಶನಿವಾರ ಬಸಲಿಂಗವ್ವ ತಲೆಯ ಮೇಲೆ ಸೆರಗು ಹೊದ್ದು, ಎಂಟು ಹೆಜ್ಜೆ ನಡೆದು, ಗೋಡೆಯಾಚೆಯ ಬಾಗಿಲಲ್ಲಿ ನಿಂತಳು.

"ಕಾಶಿ, ಅತ್ತಿ ಸೀರ್‍ಯಾಗ ಒಂದ್ ಗೇಣು ಬೇಕಿತ್ತು."

ಕಾಶವ್ವ ಕೈಯ ಕೆಲಸ ಕೆಳಗಿಟ್ಟಳು. ಆಮೇಲೆ ಒಳಗೆ ಹೋಗಿ ಪೆಟ್ಟಿಗೆ ತೆರೆದಳು. ಕತ್ತರಿ ಅವಳ ಬಳಿ ಇರಲಿಲ್ಲ. ಹಲ್ಲಿನಿಂದ ಅಂಚನ್ನು ಕಚ್ಚಿ, ಸರ್ರೆಂದು ಹರಿದು, ಸರಿಯಾಗಿ ಒಂದು ಗೇಣನ್ನು ತಂದುಕೊಟ್ಟಳು.

"ತಗೋ," ಎಂದಳು. "ಸೋತಾಗ ಕಣ್ಣೀರು ಒರಸ್ಕೊಳ್ಳಾಕರ ಬರ್ತೈತಿ."

ಈ ಮಾತು ಬಸಲಿಂಗವ್ವನ ಎದೆಯಲ್ಲಿ ನಾಟಿತು. ಆಮೇಲೆ ನಡೆದ ಹೊಲಿಗೆಯನ್ನು ವರ್ಣಿಸಲು ನನಗೆ ಒಂದೇ ನಾಲಿಗೆ ಇರುವುದು ದೊಡ್ಡ ಕೊರತೆ. ಎರಡೆಳೆ ದಾರವನ್ನು ಜೇನುಮೇಣದಲ್ಲಿ ಎಳೆದಳು. ಅಕ್ಕಿಕಾಳಿನಷ್ಟು ಟಾಕಾ, ಅಕ್ಕಿಕಾಳಿನಷ್ಟೇ ಎಡೆ, ಬೆರಳಗಲಕ್ಕೊಂದು ಗಂಟು. ಸೂಜಿ ಮುಳುಗಿತು, ಎದ್ದಿತು, ಮುಳುಗಿತು, ಎದ್ದಿತು. ಒಲೆಯ ಮೇಲೆ ಬೇಳೆ ಸೀದುಹೋಯಿತು. ಭಾನುವಾರ ಬಂದ ಹಾಲಿನವನು ಮೂರು ಸಲ ಕೂಗಿ, ಈ ಮನೆಯವರು ಊರಿಗೆ ಹೋಗಿದ್ದಾರೆಂದು ತೀರ್ಮಾನಿಸಿ ಹೊರಟುಹೋದನು. ಗುರುಪಾದಪ್ಪ ಕರಿಚಹಾ ಕುಡಿದು ಸುಮ್ಮನಾದನು. ಸಂಚಿಯ ಒಳಗೆ ಕತ್ತರಿಗೆ ಒಂದು ಉದ್ದ ಜೇಬು, ಸೂಜಿಗೆ ಉಣ್ಣೆಯ ಹಾಸಿಗೆ, ರೀಲುಗಳಿಗೆ ಗೂಡು, ಗುಂಡಿಗಳಿಗೆ ಚಿಕ್ಕ ಕಿಸೆ. ಹೊರಗೆ ನಡುಮಧ್ಯೆ ಮಾವಿನೆಲೆ ಬಣ್ಣದ ಆ ಗೇಣು, ಸುತ್ತ ಕೆಂಪು, ಹಸಿರು, ಹಳದಿ. ಸುಂದರವಾಗಿತ್ತು. ಇದರಲ್ಲಿ ನನ್ನ ಉತ್ಪ್ರೇಕ್ಷೆ ಏನೂ ಇಲ್ಲ.

ಈಗ ಆ ಮನೆಯ ಪದ್ಧತಿಯೊಂದನ್ನು ಹೇಳಬೇಕು. ಸಾತವ್ವನ ಮನೆಯಲ್ಲಿ ಕೌದಿಯ ಹೊಟ್ಟೆಯನ್ನು ಬರಿದಾಗಿ ಮುಚ್ಚುವುದಿಲ್ಲ. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಎಂದು ನಂಬಿಕೆ. ಕೊನೆಯ ಬದಿಯನ್ನು ಹೊಲಿಯುವ ಮೊದಲು ಒಂದು ರೊಟ್ಟಿಚೂರನ್ನು ಒಳಗಿಟ್ಟು, "ಉಂಡು ಮಲಗವ್ವಾ" ಎಂದು ಹೇಳಿ, ಸುತ್ತ ಅಂಚು ಮುಚ್ಚಿ, ನಾಲ್ಕೂ ಮೂಲೆಗೆ ಬಟ್ಟೆಯ ಹೂ ಹಚ್ಚುತ್ತಾರೆ. ಐವತ್ತಾರು ಕೌದಿಗಳನ್ನೂ ಬಸಲಿಂಗವ್ವ ಹೀಗೆಯೇ ಮುಗಿಸಿದ್ದಳು.

ಭಾನುವಾರ ಸಂಜೆಯ ಬಿಸಿಲಿನಲ್ಲಿ ಅವಳು ರೊಟ್ಟಿಚೂರು ಹಿಡಿದು ಯೋಚಿಸಿದಳು. ರೊಟ್ಟಿ ಇಟ್ಟರೆ ಇರುವೆ ಬರುತ್ತವೆ. ಅಲ್ಲದೆ ಸೂಜಿಸಂಚಿಯ ಆಹಾರ ರೊಟ್ಟಿಯೇ? ಅದರದು ಅದಕ್ಕೇ ಉಣಿಸಬೇಕು. ಆದ್ದರಿಂದ ಕತ್ತರಿಯನ್ನು ಜೇಬಿನಲ್ಲಿ ಮಲಗಿಸಿದಳು, ಸೂಜಿಗಳನ್ನು ಹಾಸಿಗೆಗೆ ಚುಚ್ಚಿದಳು, ರೀಲು, ಗುಂಡಿ, ಹುಕ್ಕು, ಬೆರಳಿನ ಟೊಪ್ಪಿಗೆ ಎಲ್ಲವನ್ನೂ ಅವುಗಳ ಜಾಗಕ್ಕೆ ಸೇರಿಸಿದಳು. ಎಲ್ಲವೂ ಅಳತೆಗೆ ಕೂತವು. ಕಣ್ಣು ತುಂಬಿಬಂತು. "ಉಂಡು ಮಲಗವ್ವಾ," ಎಂದಳು. ಐವತ್ತಾರು ಸಲ ಆ ಮಾತು ಕೇಳಿದ್ದ ಕೈಗಳು ಮುಂದಿನ ಕೆಲಸವನ್ನು ಅವಳನ್ನು ಕೇಳದೆಯೇ ಮಾಡಿದವು. ಹೊತ್ತು ಮುಳುಗುವ ಮೊದಲು ನಾಲ್ಕು ಬದಿಯೂ ಮುಗಿದಿದ್ದವು, ನಾಲ್ಕು ಮೂಲೆಯಲ್ಲೂ ಹೂ ಅರಳಿದ್ದವು. ಉಳಿದ ಒಂದು ಸೂಜಿಯನ್ನು ತುರುಬಿಗೆ ಸಿಕ್ಕಿಸಿಕೊಂಡಳು.

ಸೋಮವಾರ. ನಡುಮನೆಯಲ್ಲಿ ಸಭೆ. ಗುರುಪಾದಪ್ಪ ಕುರ್ಚಿಯ ಮೇಲೆ ಮೂರು ಸಲ ಕೈಯಾಡಿಸಿ ಕೂತನು. ಕಾಶವ್ವ ಹದಿನೆಂಟು ಖಾನೆಯ ಡಬ್ಬಿಯನ್ನು ಮುಂದಿಟ್ಟಳು. ಬಸಲಿಂಗವ್ವ ಹಿತ್ತಾಳೆ ತಟ್ಟೆಯಲ್ಲಿ ಸಂಚಿಯನ್ನಿಟ್ಟು ತಂದಳು, ಅದಕ್ಕೆ ಕುಂಕುಮವನ್ನೂ ಹಚ್ಚಿದ್ದಳು.

ಗುರುಪಾದಪ್ಪ ಸಂಚಿಯನ್ನು ಎತ್ತಿ ನೋಡಿದನು. "ಛಲೋ ಐತಿ," ಎಂದನು. ಹೊರಳಿಸಿ ನೋಡಿದನು. "ಭಾಳ ಛಲೋ ಐತಿ." ಮತ್ತೊಮ್ಮೆ ಹೊರಳಿಸಿದನು. ನಾಲ್ಕೂ ಬದಿಗೆ ಬೆರಳಾಡಿಸಿದನು. "ಬಾಯಿ ಎಲ್ಲೈತಿ?"

"ಆಂ?"

"ಬಾಯಿ. ಕತ್ತರಿ ಒಳಗ ಹೆಂಗ ಹಾಕೂದು?"

"ಕತ್ತರಿ ಒಳಗ ಐತ್ರಿ," ಎಂದಳು ಬಸಲಿಂಗವ್ವ ಗರ್ವದಿಂದ.

"ಮತ್ತ ಹೊರಗ ಹೆಂಗ ತಗಿಯೂದು?"

ಬಸಲಿಂಗವ್ವ ಸಂಚಿಯನ್ನು ಕಸಿದುಕೊಂಡು ಒಂದೊಂದೇ ಬದಿ ನೋಡಿದಳು. ಅಭೇದ್ಯವಾದ ದುರ್ಗ. ಶತ್ರುವಿಗೂ ದಾರಿಯಿಲ್ಲ, ಕಟ್ಟಿದವಳಿಗೂ ದಾರಿಯಿಲ್ಲ.

"ನಾ ನಕ್ಷೆದಾಗ ಬರದು ಕೊಟ್ಟಿದ್ನಲ್ಲ," ಎಂದನು ಗುರುಪಾದಪ್ಪ, "ಬಾಯಿ ಅಂತ, ಬಾಣ ಹಾಕಿ?"

"ಅದೂ ಒಳಗ ಐತ್ರಿ," ಎಂದಳು ಬಸಲಿಂಗವ್ವ ಸಣ್ಣ ದನಿಯಲ್ಲಿ.

ಕಾಶವ್ವ ನಕ್ಕಳು. ನಿಂತು ನಕ್ಕಳು, ಗೋಡೆಗೊರಗಿ ನಕ್ಕಳು, ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಬಸಲಿಂಗವ್ವ ತುರುಬಿನಿಂದ ಸೂಜಿಯನ್ನು ಕಿತ್ತು, ತನ್ನ ಟಾಕಾದ ಅಡಿಗೆ ತೂರಿಸಿ, ಮೀಟಿದಳು. ಮೇಣ ಹಚ್ಚಿದ ಎರಡೆಳೆ ದಾರ ಜಗ್ಗಲಿಲ್ಲ. ಇನ್ನೂ ಜೋರಾಗಿ ಮೀಟಿದಳು. ಸೂಜಿ ಟಣ್ಣೆಂದು ಮುರಿಯಿತು. ಅವಳ ಹೊಲಿಗೆಯನ್ನು ಅವಳೇ ಗೆಲ್ಲಲಾಗಲಿಲ್ಲ. ಅವಳು ಮುರಿದ ಸೂಜಿಯನ್ನು ನೋಡುತ್ತ ಕೂತು, ಅರವತ್ತೆರಡು ವರ್ಷದವಳೆಂಬುದನ್ನು ಮರೆತು ಅಳತೊಡಗಿದಳು.

"ಅತ್ತಿ ಇದ್ದಿದ್ರ ಏನಂತಿದ್ಳೊ," ಎಂದಳು. "ತಗೊಂಡ್ ಹೋಗ ಕಾಶಿ. ಕತ್ತರಿ ನಿಂದ."

ಕಾಶವ್ವನ ನಗು ನಿಂತಿತು. ಗುರುಪಾದಪ್ಪ ಗಡಿಬಿಡಿಯಿಂದ ಒಳಗೆ ಹೋಗಿ ಗಡ್ಡ ಕೆರೆಯುವ ಬ್ಲೇಡನ್ನು ತಂದನು.

"ಅತ್ತಿ ಸೀರಿ ಐತ್ರೀ ಅದರಾಗ!" ಎಂದು ಇಬ್ಬರು ಹೆಂಗಸರೂ ಒಟ್ಟಿಗೆ ಚೀರಿದರು. ಗುರುಪಾದಪ್ಪ ಬ್ಲೇಡನ್ನು ಬೆನ್ನ ಹಿಂದೆ ಅಡಗಿಸಿದನು.

ಕಾಶವ್ವ ಸಂಚಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. "ಅಳಬ್ಯಾಡ ಯಕ್ಕಾ. ಒಂದ ಬದಿ ಬಿಚ್ಚಿದ್ರಾತು. ನಿನ್ನ ಮುಂದಿನ ಹಲ್ಲಂತೂ ಹ್ವಾದ್ವು, ನನ್ನವು ಅದಾವಲ್ಲ," ಎಂದು ಬಾಗಿ ಮೊದಲ ಗಂಟಿಗೆ ಹಲ್ಲು ಹಾಕಿದಳು. ವಜ್ರದಂಷ್ಟ್ರಾಯುಧೆಯಾದ ಆ ವೀರನಾರಿ ಒಂದು ತಾಸು ಹೋರಾಡಿದಳು. ಗಂಟು ಕಡಿಯುವುದು, ದಾರ ಉಗುಳುವುದು, "ಇದೆಂಥಾ ಹೊಲಿಗಿ ಹೊಲಿದೀವಾ, ನಿನ್ನ ಕೈಗಿಷ್ಟು" ಎಂದು ಬೈಯುವುದು, ಮತ್ತೆ ಕಡಿಯುವುದು. ಬಸಲಿಂಗವ್ವ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡು, ತನ್ನ ಹೊಲಿಗೆಗೆ ಬೈಗುಳ ಬಿದ್ದಾಗಲೆಲ್ಲ ಒಳಗೊಳಗೇ ಹಿಗ್ಗಿದಳು. "ಊಟಾ?" ಎಂದು ಗುರುಪಾದಪ್ಪ ಒಮ್ಮೆ ಕೇಳಿದನು. ಕಾಶವ್ವ ಮುಂದಿನ ಗಂಟಿಗೆ ಹಲ್ಲು ಹಾಕಿದಳು.

ಕಡೆಗೂ ಬದಿ ಬಿಚ್ಚಿತು. ಕಾಶವ್ವ ಕತ್ತರಿಯನ್ನು ಹೊರಗೆಳೆದು ನ್ಯಾಯಾಧೀಶನ ಕೈಗೆ ಕೊಟ್ಟಳು. ಸೋತೆನೆಂದು ಬಸಲಿಂಗವ್ವ ಹೇಳಿದ್ದರೂ ಪರೀಕ್ಷೆ ಆಗಲೇಬೇಕಲ್ಲವೇ? ಗುರುಪಾದಪ್ಪ ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟನು. ಹಿಡಿ ಹೊರಗುಳಿಯಿತು. ಅಡ್ಡ ಇಟ್ಟನು, ತುದಿ ಹೊರಗೆ ಬಂತು. ಮೂಲೆಯಿಂದ ಮೂಲೆಗೆ ಇಟ್ಟನು, ಎರಡೂ ಹೊರಗೆ. ಹದಿನೆಂಟು ಖಾನೆಗಳಲ್ಲಿ ಒಂದೂ ಸಾತವ್ವನ ಕತ್ತರಿಯಷ್ಟು ಉದ್ದವಿರಲಿಲ್ಲ. ಕಾಶವ್ವ ಮುಚ್ಚಳವನ್ನು ಒತ್ತಿ ಒತ್ತಿ ನೋಡಿ, ಉಸಿರುಬಿಟ್ಟು, ಕತ್ತರಿಯನ್ನು ತಾನೇ ಎತ್ತಿ ಸಂಚಿಯ ಹೊಸ ಬಾಯಿಯೊಳಗೆ ಜಾರಿಸಿದಳು. ಅದು ಸದ್ದಿಲ್ಲದೆ ತನ್ನ ಜೇಬಿನಲ್ಲಿ ಹೋಗಿ ಮಲಗಿತು.

"ಕತ್ತರಿ ಸಂಚಿದು," ಎಂದು ಗುರುಪಾದಪ್ಪ ತೀರ್ಪಿತ್ತು, ತಾನೇ ತಟ್ಟೆ ಹಾಕಿಕೊಳ್ಳಲು ಅಡುಗೆಮನೆಗೆ ನಡೆದನು.

ಹೀಗೆ ನಾಲ್ಕು ದಿನಗಳ ಮಹಾಸಮರ ಕೊನೆಗೊಂಡು, ಒಂದೂವರೆ ಗೇಣು ಅಗಲ, ಎರಡು ಗೇಣು ಉದ್ದದ ಸಾಮ್ರಾಜ್ಯವು ಬಸಲಿಂಗವ್ವನ ವಶವಾಯಿತು. ಈ ಪುಣ್ಯಕಥೆಯನ್ನು ಶ್ರದ್ಧೆಯಿಂದ ಕೇಳಿದವರ ಕಳೆದ ಸೂಜಿ ಸಿಗುವುದು, ಸಿಕ್ಕು ಬಿದ್ದ ದಾರ ತಾನಾಗಿ ಬಿಡಿಸಿಕೊಳ್ಳುವುದು, ಅಂಗಿಯ ಗುಂಡಿ ಏಳು ಜನ್ಮಕ್ಕೂ ಕಿತ್ತುಹೋಗದು ಎಂದು ನಾನು ಫಲಶ್ರುತಿಗೆ ತೊಡಗುವಷ್ಟರಲ್ಲಿ, ಹಲ್ಲಿನ ಸಂದಿಯಿಂದ ದಾರದ ಚೂರೊಂದನ್ನು ತೆಗೆಯುತ್ತಿದ್ದ ಕಾಶವ್ವ ನಡುವೆ ಬಾಯಿ ಹಾಕಿದಳು.

"ಯಕ್ಕಾ, ಅತ್ತಿ ಸೀರಿ ಇನ್ನಾ ಐತಿ. ನನಗೂ ಒಂದು ಇಂಥಾದ್ದ ಹೊಲದು ಕೊಡು. ಆದ್ರ ಮುಗಿಯೂಮಟಾ ಅದರ ಬಾಯಾಗ ನಾ ಬೆರಳಿಟ್ಕೊಂಡ ಕುಂದರ್ತೀನಿ ನೋಡು. ಇನ್ನೊಂದು ಕಡಿಯಾಕ ನನ್ನ ಹಲ್ಲು ತಡಿಯಂಗಿಲ್ಲ."